ರಾಯಚೂರು ಕೋಟೆಯ ಒಂದು ಕಲ್ಲು

ಮೊಬೈಲ್ ಹಿಡಿದು ಎಷ್ಟು ಹಿಂದಕ್ಕೆ ಸರಿದರೂ ಈ ಕಲ್ಲು ಒಂದೇ ಚೌಕಟ್ಟಿಗೆ ಸಿಗುತ್ತಿಲ್ಲ. ಹಾಗಾಗಿ ಈ ತುದಿಯಿಂದ ಆ ತುದಿಯವರೆಗೆ ನಡೆಯುತ್ತಲೇ ತೋರಿಸುತ್ತೇನೆ. ಉದ್ದ ಸುಮಾರು 41 ಅಡಿ. ಜೋಡಿಸಿದ್ದಲ್ಲ, ಇಡೀ ಒಂದೇ ಬಂಡೆ. ಇದರ ಮೇಲಿರುವುದು 1294ರ ಶಾಸನ. ಕಾಕತೀಯರ ಸೇನಾನಿ ವಿಠ್ಠಲನಾಥ ಈ ಕೋಟೆಯನ್ನು ಕಟ್ಟಿಸಿದ ಸಂಗತಿ ಇದರಲ್ಲಿದೆ.

ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಮಾತ್ರ ಪಕ್ಕದ ಚಿತ್ರ. ಇದೇ ಬಂಡೆಯನ್ನು ಗಣಿಯಿಂದ ಸಾಗಿಸಿದ ಬಗೆಯನ್ನು ಗೋಡೆಯ ಮೇಲೆ ಗೆರೆಗಳಲ್ಲಿ ಕೊರೆದಿದ್ದಾರೆ. ಗಟ್ಟಿ ಗಾಲಿಗಳ ಬಂಡಿ. ಅದಕ್ಕೆ ಕಟ್ಟಿದ ಕೋಣಗಳ ಉದ್ದನೆಯ ಸಾಲು. ಅವುಗಳನ್ನು ಹುರಿದುಂಬಿಸುವವರು, ಗಾಲಿಗೆ ಹಿಂದಿನಿಂದ ಸನ್ನೆಗೋಲು ಕೊಟ್ಟು ಮೀಟುವವರು. ನಾನು ನೋಡಿದ ಎಷ್ಟೋ ಕೋಟೆಗಳಲ್ಲಿ ಕಲ್ಲು ಎಳೆದವರ ಸುಳಿವೇ ಇಲ್ಲ. ಇಲ್ಲಿ ಅವರು ಏಳು ನೂರು ವರ್ಷಗಳಿಂದ ಮೀಟುತ್ತಲೇ ನಿಂತಿದ್ದಾರೆ.

ಒಳಗೋಡೆಯನ್ನು ಹತ್ತಿರದಿಂದ ನೋಡಿ. ಕಲ್ಲಿಗೆ ಕಲ್ಲು ಕೂರಿಸಿದ್ದಾರೆ, ನಡುವೆ ಗಾರೆಯಿಲ್ಲ. ಹೊರಗೋಡೆ ಆಮೇಲಿನದು, ಬಿಜಾಪುರದ ಆದಿಲ್ ಶಾಹಿಗಳ ಕಾಲದ್ದು.

ಇಷ್ಟು ಗೋಡೆ ಏಕೆ ಬೇಕಾಯಿತು? ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ಎಡೆದೊರೆ ನಾಡು ತಮಗೇ ಸೇರಬೇಕೆಂದು ವಿಜಯನಗರದವರೂ ಬಹಮನಿಗಳೂ, ಅವರ ಬಳಿಕ ಬಿಜಾಪುರದವರೂ ತಲೆಮಾರುಗಟ್ಟಲೆ ಕಾದಾಡಿದರು. ಗಡಿ ಒಮ್ಮೆ ಆ ನದಿಗೆ ಸರಿಯುತ್ತಿತ್ತು, ಒಮ್ಮೆ ಈ ನದಿಗೆ. ಕೋಟೆ ಎಷ್ಟು ಸಲ ಕೈ ಬದಲಿಸಿತು ಎಂಬ ಪಟ್ಟಿ ಬೇಡ. 1520ರ ಮುತ್ತಿಗೆಯನ್ನಷ್ಟೇ ಹೇಳುತ್ತೇನೆ, ಏಕೆಂದರೆ ಅದೂ ಕಲ್ಲಿನದೇ ಕಥೆ.

ಆಗ ಕೋಟೆ ಬಿಜಾಪುರದವರ ಕೈಯಲ್ಲಿತ್ತು. ವಿಜಯನಗರದ ಕೃಷ್ಣದೇವರಾಯನ ಸೈನಿಕರು ಹಾರೆ, ಗುದ್ದಲಿ ಹಿಡಿದು ಗೋಡೆಯ ಬುಡಕ್ಕೇ ನುಗ್ಗಿದರು. ಮೇಲಿನಿಂದ ಬಾಣಗಳು, ಗುಂಡುಗಳು. ಅವರು ಕಿತ್ತು ತಂದ ಒಂದೊಂದು ಕಲ್ಲಿಗೂ ಗಾತ್ರ ನೋಡಿ ದಳಪತಿಗಳು 10ರಿಂದ 50 ಪಣದವರೆಗೆ ಕೊಡುತ್ತಿದ್ದರೆಂದು ವಿಜಯನಗರದ ಕಥೆ ಬರೆದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಹೇಳಿದ್ದಾನೆ. ಈ ಸಾಲನ್ನು ಮೊದಲು ಓದಿದ ದಿನ ನನಗೆ ಬಹಳ ಹೊತ್ತು ಬೇರೇನೂ ಓದಲಾಗಲಿಲ್ಲ. ಕೋಣಗಳ ಕತ್ತು ಸವೆಸಿ ಎಳೆದು ತಂದದ್ದನ್ನು ಇನ್ನಾರೋ ಪ್ರಾಣ ಒತ್ತೆಯಿಟ್ಟು ಕೀಳುತ್ತಿದ್ದರು, ಬಿಡಿ ಕಲ್ಲಿನ ಲೆಕ್ಕದಲ್ಲಿ.

ನಡುವೆ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣೆ ದಾಟಿ ಬಂದು, ಸೋತು ಹಿಂದಿರುಗಿದ. ಆಮೇಲೆ ರಾಯನ ಕಡೆಗೆ ಸೇರಿದ ಕ್ರಿಸ್ಟೋವಾವೊ ಡಿ ಫಿಗೇರೆದೊ ಎಂಬ ಪೋರ್ಚುಗೀಸನ ಕೋವಿಕಾರರು ಕೋಟೆಗೋಡೆಯ ತೆನೆಗಳ ಮೇಲೆ ತಲೆಯೆತ್ತಿದವರನ್ನು ಹೊಡೆಯತೊಡಗಿದರು. ಕೆಳಗೆ ಏನು ನಡೆಯುತ್ತಿದೆಯೆಂದು ಬಗ್ಗಿ ನೋಡಿದ ಕೋಟೆಯ ದಳವಾಯಿಯ ಹಣೆಗೇ ಗುಂಡು ತಗುಲಿತು. ಒಳಗಿದ್ದವರು ಶರಣಾದರು. ಕೃಷ್ಣದೇವರಾಯ ತೀರಿಕೊಂಡ ಸ್ವಲ್ಪ ಕಾಲದಲ್ಲೇ ಕೋಟೆ ಮತ್ತೆ ಬಿಜಾಪುರದ ಪಾಲಾಯಿತು.

ಇನ್ನು ಬೆಟ್ಟ ಹತ್ತಬೇಕು, ಮೇಲೊಂದು ಉದ್ದನೆಯ ಫಿರಂಗಿ ಇದೆ. ಆದರೆ ಇಲ್ಲಿಂದ ಕಾಲು ಕೀಳಲು ಮನಸ್ಸಾಗುತ್ತಿಲ್ಲ. ಚಿತ್ರದ ಕೋಣಗಳನ್ನು ಎಣಿಸುತ್ತಾ ಹೊರಟೆ, ಸವೆದ ಗೆರೆಗಳಲ್ಲಿ ಲೆಕ್ಕ ತಪ್ಪಿತು. ಬಿಸಿಲು ಓರೆಯಾದ ಮೇಲೆ ಇನ್ನೊಮ್ಮೆ ಎಣಿಸುತ್ತೇನೆ.