ಇದು ಕಾರಾ, ಜಿಮ್ಮಾ? ನನ್ನ ಹಾರ್ಡ್ ಕ್ಲಚ್ ಕಥೆ

ನೀವು ನೋಡುತ್ತಿರುವುದು ನನ್ನ ಎಡಗಾಲು. ಚಪ್ಪಲಿ ಹಳೆಯದು, ಅದನ್ನು ನೋಡಬೇಡಿ. ಕ್ಯಾಮೆರಾ ಸ್ಟೀರಿಂಗ್ ಕೆಳಗೆ ಟೇಪ್ ಹಾಕಿ ಅಂಟಿಸಿದ್ದೇನೆ. ಬೆಂಗಳೂರಿನ ಗೊರಗುಂಟೆಪಾಳ್ಯ, ಬೆಳಗ್ಗೆ 9.30, ಮುಂದೆ ಒಂದು ಲಾರಿ, ಅದರ ಮುಂದೆ ಇನ್ನೊಂದು ಲಾರಿ. ಒತ್ತು, ಬಿಡು, ಒತ್ತು, ಬಿಡು. ಜಂಕ್ಷನ್ ದಾಟುವವರೆಗೆ ಕ್ಲಚ್ ಎಷ್ಟು ಸಲ ಒತ್ತುತ್ತೇನೆ ಅಂತ ಎಣಿಸಲು ಹೊರಟೆ, 40 ಆದಮೇಲೆ ಬೇಜಾರಾಗಿ ಬಿಟ್ಟೆ.

ಇದು ಹಾರ್ಡ್ ಆಗಿದೆ ಅಂತ ನನಗೇ ಗೊತ್ತಿರಲಿಲ್ಲ. ನಿಜವಾಗಿ. ದಿನಾ ಚೂರು ಚೂರೇ ಬಿಗಿಯಾಗುತ್ತಾ ಹೋದರೆ ಕಾಲೂ ಒಗ್ಗಿಕೊಂಡುಬಿಡುತ್ತದೆ. ಹೋದ ತಿಂಗಳು ಭಾವ ಗಾಡಿ ತೆಗೆದುಕೊಂಡು ತುಮಕೂರಿಗೆ ಹೋಗಿ ಬಂದರು. ಕೀ ಮೇಜಿನ ಮೇಲಿಟ್ಟು, "ಏನಮ್ಮಾ, ಇದು ಕಾರಾ, ಜಿಮ್ಮಾ?" ಅಂದರು. ಪಾಪ ವಯಸ್ಸಾಯಿತು ಅಂದುಕೊಂಡೆ. ಆಮೇಲೆ ಅಕ್ಕನ ಕಾರು ಒಂದು ರೌಂಡ್ ಓಡಿಸಿದೆ ನೋಡಿ, ಕಾಲು ಧೊಪ್ಪಂತ ನೆಲಕ್ಕೇ ಹೋಯಿತು. ಮಂಡಿ ನೋವು ಅಂತ ನಾನು ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ, ಎಣ್ಣೆ ಬೇಕಾಗಿದ್ದು ಕಾರಿಗೆ!

ಇದು ಸರ್ವೀಸ್ ಸೆಂಟರ್. ಹೆಸರು ಬೇಡ. ಬಾನೆಟ್ ಕೂಡ ಎತ್ತಲಿಲ್ಲ. ಒಂದೇ ಸಲ ಪೆಡಲ್ ಒತ್ತಿ, "ಕ್ಲಚ್ ಸೆಟ್ ಹೋಗಿದೆ ಮೇಡಂ" ಅಂದರು. ಸೆಟ್ ಅಂದರೆ ಒಳಗಿನ ಪ್ಲೇಟುಗಳು. ಗೇರ್‌ಬಾಕ್ಸ್ ಇಳಿಸಬೇಕು, 11,800 ರೂಪಾಯಿ. ಎಸ್ಟಿಮೇಟ್ ಹಾಳೆ ಇಲ್ಲಿದೆ, ಕೊನೆಯ ಸಾಲು ಓದಿ. ಕನ್ಸ್ಯೂಮಬಲ್ಸ್, 640. ಹಾಗಂದರೆ ಏನು ಅಂತ ಕೇಳಿದೆ. "ಗ್ರೀಸು, ಒರೆಸೋ ಬಟ್ಟೆ, ಅಂಥದ್ದೆಲ್ಲ ಮೇಡಂ." ಒರೆಸೋ ಬಟ್ಟೆ! 640ಕ್ಕೆ ನಮ್ಮಮ್ಮ ಚಿಕ್ಕಪೇಟೆಯಲ್ಲಿ ಚೌಕಾಸಿ ಮಾಡಿ ಎರಡು ನೈಟಿ ತಂದು, ಮಿಕ್ಕಿದ್ದರಲ್ಲಿ ಹೂವೂ ತರುತ್ತಾರೆ. ಆ ಬಟ್ಟೆ ಒರೆಸಿದ ಮೇಲೆ ನನಗೆ ಕೊಡುತ್ತೀರಾ ಅಂತಲೂ ಕೇಳಿದೆ. ಅವರು ನಗಲಿಲ್ಲ. ನಾನೂ ಜೋಕ್ ಮಾಡಿರಲಿಲ್ಲ. ಎದ್ದು ಬಂದೆ.

ಇದು ಲಗ್ಗೆರೆ ಕಡೆಯ ಸಣ್ಣ ಗ್ಯಾರೇಜು. ಮೆಕ್ಯಾನಿಕ್ ಅಣ್ಣ ಮಾಡುತ್ತಿರುವುದು ನೋಡಿ, ಇದು ನನಗೆ ಇಷ್ಟವಾಯಿತು. ನನ್ನದು 2011ರ ಗಾಡಿ, ಕೇಬಲ್ ಕ್ಲಚ್, ಪೆಡಲ್ ಒತ್ತಿದರೆ ಒಂದು ತಂತಿ ಕ್ಲಚ್ಚನ್ನು ಎಳೆಯುತ್ತದೆ. ದ್ರವದ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಆಗಿದ್ದರೆ ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್ ಅಂತ ಬೇರೆಯೇ ತಲೆನೋವು. ಇಲ್ಲಿ ಕೇಬಲ್ಲನ್ನು ಎರಡೂ ತುದಿ ಬಿಚ್ಚಿ ಮೊದಲು ಬರೀ ಪೆಡಲ್ ಒತ್ತಿದರು. ಹಗುರ. ಅಂದರೆ ಪೆಡಲ್ ತಿರುಗುವ ಜಾಗದ ಬುಷ್ ಸರಿಯಾಗಿದೆ. ಆಮೇಲೆ ಕೇಬಲ್ಲನ್ನು ಕೈಯಲ್ಲೇ ಎಳೆದರು, ಕರಕರ ಸದ್ದು ಕೇಳಿಸಿತಲ್ವಾ? ಒಳಗೆ ತುಕ್ಕು. ಎಣ್ಣೆ ಬಿಟ್ಟರೆ ಸಾಕಲ್ವಾ ಅಂದೆ. ಒಂದು ತಿಂಗಳು ಓಡುತ್ತದೆ, ಆಮೇಲೆ ಎಲ್ಲಾದರೂ ನಡುರಸ್ತೆಯಲ್ಲಿ ತುಂಡಾಗುತ್ತದೆ ಅಂದರು.

ಕೇಬಲ್ ತರಲು ಜೆ.ಸಿ. ರೋಡ್. ಸ್ಪೇರ್ ಪಾರ್ಟ್ಸ್ ಅಂದರೆ ಅಲ್ಲಿಗೇ ಹೋಗಬೇಕು, ಆದರೆ ಹೋದ ಗಾಡಿ ನಿಲ್ಲಿಸಲು ಜಾಗ ಇಲ್ಲ. ಅದಕ್ಕೇ ಬಸ್ಸಲ್ಲಿ ಹೋದೆ. ಅಲ್ಲಿಂದ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಹತ್ತಿರವೇ, ರವೆ ಇಡ್ಲಿ ಅಂದುಕೊಂಡು ಹೋದರೆ ಕ್ಯೂ ಫುಟ್‌ಪಾತ್‌ವರೆಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಅವರೇ ಅದನ್ನು ಶುರು ಮಾಡಿದ್ದು ಅಂತಾರೆ, ಇವತ್ತು ನನಗೆ ರವೆಯೂ ಸಿಗಲಿಲ್ಲ. ಸರಿ, ಶಾಟ್ ಮುಗಿಯಿತು. ಕೇಬಲ್ 480, ಕೂಲಿ 300. 780ರಲ್ಲಿ ಕೆಲಸ ಆಯಿತು, 11,020 ಉಳಿಯಿತು, ಆ ಸರ್ವೀಸ್ ಸೆಂಟರ್ ಕಳ್ಳರು ಅಂತ ಊರಿಗೆಲ್ಲ ಹೇಳಿದೆ.

ಮೂರೇ ದಿನ.

ಹೆಬ್ಬಾಳ ಫ್ಲೈಓವರ್ ಹತ್ತುತ್ತಿದ್ದೇನೆ, ಮೂರನೇ ಗೇರ್. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಹುಯ್ಯೋ ಅಂತ ಅರಚುತ್ತದೆ, ಸ್ಪೀಡ್ ಏರುತ್ತಿಲ್ಲ. ಕ್ಲಚ್ ಸ್ಲಿಪ್. ಪೆಡಲ್ ಕೂಡ ಮೊದಲಿಗಿಂತ ವಾಸಿ ಅಷ್ಟೇ, ಹಗುರ ಅಂತೂ ಅಲ್ಲ. ಹಾಗಾಗಿ ಕಳ್ಳರು ಅಂದಿದ್ದನ್ನು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ, ಅವರು ಹೇಳಿದ್ದು ಸರಿ ಇತ್ತು. ಬಟ್ಟೆಯ 640 ಮಾತ್ರ ಬಿಡುವುದಿಲ್ಲ.

ಮತ್ತೆ ಅದೇ ಅಣ್ಣ. ಗೇರ್‌ಬಾಕ್ಸ್ ಇಳಿಸುವ ಶಾಟ್ ಫಾಸ್ಟ್ ಮಾಡಿ ಹಾಕಿದ್ದೇನೆ. ಈ ಕ್ಲಚ್ ಪ್ಲೇಟ್ ನೋಡಿ, ಸವೆದು ಒಳಗಿನ ರಿವೆಟ್ ಮೇಲೆ ಬಂದುಬಿಟ್ಟಿದೆ. ಇದು ಪ್ರೆಷರ್ ಪ್ಲೇಟ್, ನಡುವೆ ಕೈಬೆರಳಿನ ಹಾಗೆ ಪಟ್ಟಿಗಳಿವೆಯಲ್ಲ, ಅದೇ ಸ್ಪ್ರಿಂಗ್. ಕ್ಲಚ್ ಪ್ಲೇಟ್ ಸವೆದು ತೆಳ್ಳಗಾದಷ್ಟೂ ಈ ಬೆರಳುಗಳು ಹೊರಗಡೆ ವಾಲುತ್ತವೆ, ಆಗ ಅವನ್ನು ಒತ್ತಲು ಜಾಸ್ತಿ ಬಲ ಬೇಕು. ಸವೆದರೆ ಸಡಿಲ ಆಗಬೇಕಲ್ವಾ ಅಂತ ನಾನು ತಿಳಿದಿದ್ದೆ, ಉಲ್ಟಾ. ಸೆಟ್ 4,200, ಕೂಲಿ 2,500. ಮೊದಲೇ ಮಾಡಿಸಿದ್ದರೆ ಕೇಬಲ್ ಹಾಕುವ 300 ಉಳಿಯುತ್ತಿತ್ತು.

"ಅಕ್ಕಾ, ಕಾಲು ಕ್ಲಚ್ ಮೇಲೇ ಇಟ್ಕೊಂಡು ಓಡಿಸ್ತೀರಾ?" ಅಂತ ಕೇಳಿದರು. ಅದರಿಂದಲೂ ಪ್ಲೇಟ್ ಸವೆಯುತ್ತದಂತೆ. ಇಲ್ಲ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಹೆಂಗಸರು ಅಂದರೆ ಎಲ್ಲರೂ ಇದೇ ಕೇಳುತ್ತಾರೆ, ಭಾವನನ್ನು ಯಾರೂ ಕೇಳುವುದಿಲ್ಲ.

ರಾತ್ರಿ ಎಡಿಟ್ ಮಾಡಲು ಕುಳಿತೆ. ಮೊದಲ ಶಾಟ್ ಮತ್ತೆ ಹಾಕುತ್ತೇನೆ, ಗೊರಗುಂಟೆಪಾಳ್ಯದ್ದು. ಇಲ್ಲಿ ಗಾಡಿ ನ್ಯೂಟ್ರಲ್‌ನಲ್ಲಿದೆ, ಸುಮ್ನೆ ನಿಂತಿದೆ. ಕಾಲು ಎಲ್ಲಿದೆ? ಪೆಡಲ್ ಮೇಲೆ. ಇಲ್ಲಿ ಎರಡನೇ ಗೇರಲ್ಲಿ ಹೋಗುತ್ತಿದ್ದೇನೆ. ಕಾಲು? ಅಲ್ಲೇ. ಏಳು ನಿಮಿಷದ ಕ್ಲಿಪ್, ಕಾಲು ಒಂದು ಸಲವೂ ಕೆಳಗಿಳಿದಿಲ್ಲ. ಆ ಅಣ್ಣನಿಗೆ ಫೋನ್ ಮಾಡಿ ಹೇಳಬೇಕು, ನಾಳೆ ಮಾಡುತ್ತೇನೆ.

ಇದು ನಿನ್ನೆಯದು. ಹೊಸ ಕ್ಲಚ್ ಬೇಗ ಹಿಡಿಯುತ್ತದೆ, ಹಳೆಯ ಅಭ್ಯಾಸದಲ್ಲಿ ಬಿಟ್ಟರೆ ಗಕ್ಕಂತ ಆಫ್. ಓಡಿಸುತ್ತಿರುವುದು ನಾನಲ್ಲ, ಭಾವ. ಎರಡನೇ ಸಲ ಆಫ್ ಮಾಡಿದರು. "ಇದೇನಮ್ಮಾ, ಇಷ್ಟು ಮೆತ್ತಗೆ ಮಾಡಿಸಿಬಿಟ್ಟಿದೀಯಾ" ಅನ್ನುತ್ತಿದ್ದಾರೆ, ಹಿಂದೆ ಬಿ.ಎಂ.ಟಿ.ಸಿ. ಬಸ್ ಹಾರ್ನ್ ಹೊಡೆಯುತ್ತಿದೆ, ಬ್ಯಾಟರಿ 2 ಪರ್ಸೆಂಟ್, ಇಡ್ತೀನಿ.