ಏಳು ಪದ, ಹನ್ನೆರಡು ಹುದ್ದೆ

ಕೇಳುಗರಿಗೆ ನಮಸ್ಕಾರ. ಇವತ್ತು ವಿಯೆಟ್ನಾಮಿ ಮತ್ತು ರಷ್ಯನ್ ಭಾಷೆಯಲ್ಲಿ ಸೇನೆಯ ಹುದ್ದೆಗಳ ಹೆಸರು ನೋಡೋಣ.

ಒಂದು ಹಾಳೆ, ಒಂದು ಪೆನ್ನು ಹತ್ತಿರದಲ್ಲಿದ್ದರೆ ಕೈಗೆ ತಗೊಳ್ಳಿ. ಎಡಗಡೆ ಒಂದರ ಕೆಳಗೊಂದು ನಾಲ್ಕು ಪದ ಬರೆಯಿರಿ. ಥಿಯೆವ್, ಟ್ರುಂಗ್, ಥುವೊಂಗ್, ದಾಯ್. ಚೀನಾದಿಂದ ವಿಯೆಟ್ನಾಮಿ ಭಾಷೆಗೆ ಬಂದು ಅಲ್ಲೇ ಬೇರೂರಿದ ಪದಗಳಿವು. ಕಿರಿಯ, ನಡುವಿನ, ಮೇಲಿನ, ದೊಡ್ಡ ಅಂತ ಅರ್ಥ. ಈಗ ಮೇಲ್ಗಡೆ ಸಾಲಾಗಿ ಮೂರು ಬರೆಯಿರಿ. ಉಯಿ, ತಾ, ತುವೊಂಗ್. ಲೆಫ್ಟಿನೆಂಟ್, ಕ್ಯಾಪ್ಟನ್‌ಗಳ ಗುಂಪು ಉಯಿ. ಮೇಜರ್, ಕರ್ನಲ್‌ಗಳದ್ದು ತಾ. ಜನರಲ್‌ಗಳದ್ದು ತುವೊಂಗ್.

ಗೀಟು ಎಳೆದು ಮನೆಗಳನ್ನು ತುಂಬಿಸಿ. ಥಿಯೆವ್ ಉಯಿ, ಟ್ರುಂಗ್ ಉಯಿ, ಹೀಗೆ ಶುರುವಾಗಿ ಕೊನೇ ಮನೆಯಲ್ಲಿ ದಾಯ್ ತುವೊಂಗ್. ಏಳೇ ಪದ ಕಲಿತಿರಿ, ಹನ್ನೆರಡು ಹುದ್ದೆ ಬಂತು! ಮಗ್ಗಿ ಇದ್ದ ಹಾಗೆ, ಅಲ್ವಾ?

ಇದರಲ್ಲಿ ನನಗೆ ತುಂಬಾ ಇಷ್ಟವಾದ ಮನೆ ಒಂದಿದೆ. ಥುವೊಂಗ್ ತುವೊಂಗ್. ಇಂಗ್ಲಿಷಿಗೆ ಒಗ್ಗಿದ ಕಿವಿಗೆ ಎರಡೂ ಒಂದೇ ಪದದಂತೆ ಕೇಳಬಹುದು. ನಮಗೆ ಹಾಗಲ್ಲ. ಮೊದಲನೆಯದು ಮಹಾಪ್ರಾಣ, ಎರಡನೆಯದು ಅಲ್ಪಪ್ರಾಣ. ರಾಗವೂ ಬೇರೆ ಅನ್ನಿ. ಆದರೆ ಥ, ತ ವ್ಯತ್ಯಾಸ ಮಾತ್ರ ನಮ್ಮ ಕಿವಿಗೆ ತಕ್ಷಣ ಹತ್ತುತ್ತದೆ.

ಈ ಹುದ್ದೆಗಳಿರುವ ವಿಯೆಟ್ನಾಂ ಜನತಾ ಸೇನೆ ಹುಟ್ಟಿದ್ದು 1944ರ ಡಿಸೆಂಬರಿನಲ್ಲಿ, ಮೂವತ್ತನಾಲ್ಕೇ ಜನರಿಂದ. ಅವರನ್ನು ಕಟ್ಟಿಕೊಂಡು ಹೊರಟ ವೋ ಗುಯೆನ್ ಜಿಯಾಪ್ ಅದಕ್ಕೂ ಮೊದಲು ಇತಿಹಾಸದ ಮೇಷ್ಟ್ರು. 1948ರಲ್ಲಿ ಅಧ್ಯಕ್ಷ ಹೋ ಚಿ ಮಿನ್, ಜಿಯಾಪ್ ಅವರಿಗೆ ನೇರವಾಗಿ ದಾಯ್ ತುವೊಂಗ್ ಹುದ್ದೆ ಕೊಟ್ಟರು. ನಮ್ಮ ಕೋಷ್ಟಕದ ತುದಿಯ ಮನೆ ಅದು.

ಇನ್ನು ರಷ್ಯನ್ ಕಡೆ ಬನ್ನಿ. ಇಲ್ಲಿ ಮಗ್ಗಿ ನಡೆಯೋದಿಲ್ಲ. ಒಂದೊಂದು ಪದವೂ ಒಂದೊಂದು ಊರಿಂದ ಬಂದಿದೆ. ಲೆಯ್ತೆನಾಂತ್ ಮೂಲದಲ್ಲಿ ಫ್ರೆಂಚ್, ಇನ್ನೊಬ್ಬರ ಜಾಗದಲ್ಲಿ ನಿಂತವನು ಅಂತ. ಸಾಮಾನ್ಯ ಸೈನಿಕನಿಗಿಂತ ಒಂದು ಮೆಟ್ಟಿಲು ಮೇಲಿನ ಯೆಫ್ರೇಯ್ತರ್ ಜರ್ಮನ್. ಪೀಟರ್ ದೊರೆ 1722ರಲ್ಲಿ ಹುದ್ದೆಗಳ ಪಟ್ಟಿ ಹೊರಡಿಸಿದಾಗ ಅದರ ತುಂಬ ಇಂಥ ಹೊರಗಿನ ಹೆಸರುಗಳೇ ಇದ್ದವು. ಆದರೂ ಮನೆಯ ಪದಗಳು ಕೆಲವು ಉಳಿದುಕೊಂಡವು. ಸಾಮಾನ್ಯ ಸೈನಿಕ ರ್ಯದವೋಯ್, ಅಂದರೆ ಸಾಲಿನಲ್ಲಿ ನಿಲ್ಲುವವನು. ಪೋಲ್ಕ್ ಅಂದರೆ ರೆಜಿಮೆಂಟ್, ಅದರ ಒಡೆಯ ಪಲ್ಕೋವ್ನಿಕ್. ಅವನ ಕೈಕೆಳಗಿನವನು ಪತ್‌ಪಲ್ಕೋವ್ನಿಕ್.

ಈ ಪದಗಳು ಒಮ್ಮೆ ಸತ್ತು ಬದುಕಿದವು. 1917ರ ಡಿಸೆಂಬರಿನಲ್ಲಿ ಬೊಲ್ಶೆವಿಕ್ ಸರ್ಕಾರ ಸೇನೆಯ ಹುದ್ದೆಗಳನ್ನೆಲ್ಲ ತೆಗೆದುಹಾಕಿತು. ಆಮೇಲೆ ಮಾಡುವ ಕೆಲಸವೇ ಹೆಸರಾಯಿತು. ಡಿವಿಷನ್ ನಡೆಸುವವನು ಕೊಮ್‌ದಿವ್, ಬ್ರಿಗೇಡ್ ನಡೆಸುವವನು ಕೊಮ್‌ಬ್ರಿಗ್. 1935ರಲ್ಲಿ ಲೆಯ್ತೆನಾಂತ್, ಪಲ್ಕೋವ್ನಿಕ್ ಮರಳಿದವು. ಗೆನೆರಾಲ್ ಅನ್ನುವ ಪದಕ್ಕೆ 1940ರ ತನಕ ಕಾಯಬೇಕಾಯಿತು. ತ್ಸಾರ್ ಕಾಲದ ಹೆಗಲ ಪಟ್ಟಿ ಬಂದಿದ್ದು 1943ರಲ್ಲಿ, ಯುದ್ಧದ ನಡುವೆ.

1965ರಿಂದ ಸೋವಿಯತ್ ಅಧಿಕಾರಿಗಳು ವಿಯೆಟ್ನಾಮಿನಲ್ಲಿ ಕ್ಷಿಪಣಿ ನಡೆಸೋದನ್ನು ಕಲಿಸಿದರು. ಹುದ್ದೆಗಳನ್ನು ಎರಡೂ ಭಾಷೆಯಲ್ಲಿ ಹೇಳಲೇಬೇಕಿತ್ತು. ಹಾಳೆ ಇನ್ನೊಮ್ಮೆ ನೋಡಿ. ಉಯಿ ಸಾಲಿನ ನಾಲ್ಕಕ್ಕೆ ರಷ್ಯನ್ನಿನಲ್ಲೂ ನಾಲ್ಕಿವೆ, ಮೂರು ಬಗೆಯ ಲೆಯ್ತೆನಾಂತ್ ಮತ್ತು ಕಪಿತಾನ್. ಜನರಲ್‌ಗಳೂ ನಾಲ್ಕಕ್ಕೆ ನಾಲ್ಕು. ಎಡವಟ್ಟಾಗೋದು ತಾ ಸಾಲಿನಲ್ಲಿ. ಅಲ್ಲಿ ನಾಲ್ಕು, ಇಲ್ಲಿ ಮಯೋರ್, ಪತ್‌ಪಲ್ಕೋವ್ನಿಕ್, ಪಲ್ಕೋವ್ನಿಕ್, ಮೂರೇ. ಥುವೊಂಗ್ ತಾ ಅನ್ನುವವರನ್ನು ಪಲ್ಕೋವ್ನಿಕ್ ಅಂದರೆ ಅವರ ಮೇಲಿನ ದಾಯ್ ತಾ ಅವರನ್ನು ಏನನ್ನಬೇಕು? ತಮಾಷೆಯಲ್ಲ, ಒಬ್ಬರ ಮರ್ಯಾದೆಯ ವಿಷಯ. ಎದುರಾಳಿ ದಕ್ಷಿಣ ವಿಯೆಟ್ನಾಮಿನ, ಅಂದರೆ ಸೈಗಾನ್ ಕಡೆಯ ಸೇನೆಯಲ್ಲಿ ಈ ತೊಡಕು ಬರುತ್ತಿರಲಿಲ್ಲ. ಭಾಷೆ ಅದೇ ಆದರೂ ಅವರು ಅಧಿಕಾರಿಗಳಲ್ಲಿ ಥುವೊಂಗ್ ಅನ್ನುವ ಮೆಟ್ಟಿಲನ್ನೇ ಇಟ್ಟುಕೊಂಡಿರಲಿಲ್ಲ.

ಹುದ್ದೆಗೆ ಮೊದಲು ಸೇರಿಸುವ ಪದ ಮಾತ್ರ ಸಲೀಸಾಗಿ ಹೊಂದುತ್ತಿತ್ತು. ರಷ್ಯನ್ನರು ತವಾರಿಷ್ ಪಲ್ಕೋವ್ನಿಕ್ ಅನ್ನುತ್ತಾರೆ. ವಿಯೆಟ್ನಾಮಿನವರು ದೋಂಗ್ ಚಿ ದಾಯ್ ತಾ ಅನ್ನುತ್ತಾರೆ. ತವಾರಿಷ್ ಅಂದರೂ ದೋಂಗ್ ಚಿ ಅಂದರೂ ಸಂಗಾತಿ.

ನಮಸ್ಕಾರ.