ಪುಕ್ಕಟೆ ಬೇರೆ, ಸ್ವತಂತ್ರ ಬೇರೆ

ಕೇಳುಗರಿಗೆ ನಮಸ್ಕಾರ. ಚಿತ್ರದುರ್ಗ ಆಕಾಶವಾಣಿಯವರು ನನಗೆ ಎಂಟು ನಿಮಿಷ ಕೊಟ್ಟಿದ್ದಾರೆ. ವಿಷಯ ಕಂಪ್ಯೂಟರ್. ದಯವಿಟ್ಟು ರೇಡಿಯೊ ಆರಿಸಬೇಡಿ. ಒಲೆ ಮುಂದೆ ನಿಂತು ಕೇಳುತ್ತಿರುವ ಅಮ್ಮಂದಿರಿಗೂ, ಅಡಿಕೆ ತೋಟದಲ್ಲಿ ಮೊಬೈಲಿಗೆ ಎಫ್‌ಎಂ ಹಾಕಿಕೊಂಡು ಕೂತಿರುವವರಿಗೂ ತಿಳಿಯುವ ಹಾಗೆ ಒಂದೇ ಒಂದು ಮಾತು ಹೇಳುತ್ತೇನೆ. ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಅಷ್ಟೇ.

ಇಂಗ್ಲಿಷಿನವರ ಪಾಡು ನೋಡಿ. ಎರಡಕ್ಕೂ ಅವರ ಹತ್ತಿರ ಇರುವುದು 'ಫ್ರೀ' ಅನ್ನುವ ಒಂದೇ ಪದ. ರಿಚರ್ಡ್ ಸ್ಟಾಲ್ಮನ್ ಎಂಬ ಅಮೆರಿಕದ ಪ್ರೋಗ್ರಾಮರ್ 1983ರಲ್ಲಿ 'ಗ್ನು' ಎಂಬ ಸ್ವತಂತ್ರ ಸಾಫ್ಟ್‌ವೇರ್ ಕಟ್ಟುವ ಕೆಲಸಕ್ಕೆ ಕೈ ಹಾಕುತ್ತೇನೆ ಎಂದು ಸಾರಿದರು. ಅಲ್ಲಿಂದ ಇಲ್ಲಿಯವರೆಗೆ, ನಾನು ಹೇಳುತ್ತಿರುವುದು ದುಡ್ಡಿನ ಮಾತಲ್ಲ ಮಾರಾಯರೇ ಎಂದು ಬಿಡಿಸಿ ಹೇಳುವುದರಲ್ಲೇ ಅವರ ಅರ್ಧ ಆಯಸ್ಸು ಹೋಯಿತು. ನಮಗೆ ಆ ತಾಪತ್ರಯ ಇಲ್ಲ. ಎರಡು ಪದ ಇವೆ. ಆದರೂ ನಮ್ಮ ಹುಡುಗರು "ಸಾರ್, ಫ್ರೀ ಸಾಫ್ಟ್‌ವೇರ್ ಅಂದ್ರೆ ಪುಕ್ಕಟೆ ಸಿಗೋದು ಅಲ್ವಾ" ಅನ್ನುತ್ತಾರೆ. ಇಪ್ಪತ್ತು ವರ್ಷದಿಂದ ಅದೇ ಪ್ರಶ್ನೆ. ಅಲ್ಲಪ್ಪ, ಅಲ್ಲ.

ಸ್ವತಂತ್ರ ಅಂದರೆ ಏನು? ಆ ಸಾಫ್ಟ್‌ವೇರನ್ನು ಯಾವ ಕೆಲಸಕ್ಕಾದರೂ ಬಳಸಬಹುದು. ಒಳಗೆ ಏನಿದೆ ಎಂದು ಬಿಚ್ಚಿ ನೋಡಬಹುದು. ತಿದ್ದಬಹುದು. ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಬಹುದು, ಬೇಕಿದ್ದರೆ ಮಾರಲೂಬಹುದು. ಇದನ್ನೆಲ್ಲ ಬರೆದುಕೊಡುವ ಕಾಗದಪತ್ರವೇ ಲೈಸೆನ್ಸ್.

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಎದ್ದು ಎಲ್ಲದರ ಯಜಮಾನಿಕೆ ಮಾಡುವುದು ಆಪರೇಟಿಂಗ್ ಸಿಸ್ಟಂ. ಇವನ್ನು ಕಂಪನಿಗಳೇ ಮಾಡಬೇಕೆಂದಿಲ್ಲ. ಊರೂರಿನ ಜನ ಸೇರಿ ಮಾಡಿದ್ದೂ ಇವೆ. ನನ್ನ ಮೆಚ್ಚಿನದು ಡೆಬಿಯನ್. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಶುರು ಮಾಡಿದ್ದು. ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರು ಅಂಟಿಸಿ ಡೆಬಿಯನ್ ಮಾಡಿದ. ನಮ್ಮ ಕಡೆ ಟ್ರ್ಯಾಕ್ಟರ್ ಮೇಲೆ ಮನೆಯವರ ಹೆಸರು ಬರೆಸುತ್ತಾರಲ್ಲ, ಹಾಗೆ. 1997ರಲ್ಲಿ ಈ ಬಳಗ ಒಂದು 'ಸಾಮಾಜಿಕ ಒಪ್ಪಂದ' ಬರೆದುಕೊಂಡಿತು. ಅದರ ಮೊದಲ ಮಾತೇ, ಡೆಬಿಯನ್ ನೂರಕ್ಕೆ ನೂರು ಸ್ವತಂತ್ರವಾಗಿಯೇ ಇರುತ್ತದೆ ಅನ್ನುವುದು. ಸ್ವತಂತ್ರವಲ್ಲದ ಸರಕನ್ನು 'ನಾನ್‌ಫ್ರೀ' ಎಂದು ಹೆಸರಿಟ್ಟು ಬೇರೆ ಕೋಣೆಗೆ ಹಾಕಿದರು. ಬೇಕಾದವರು ಕೇಳಿ ತೆಗೆದುಕೊಳ್ಳಿ, ಅದು ನಮ್ಮ ಮನೆಯದಲ್ಲ ಎಂದರು.

ಕೇಳಲು ಚೆಂದ ಅಲ್ವಾ? ಈಗ ದಾವಣಗೆರೆಗೆ ಬನ್ನಿ.

2019ರ ಮಳೆಗಾಲ. ಒಂದು ಹಾಸ್ಟೆಲ್‌ಗೆ ಯಾರೋ ಪುಣ್ಯಾತ್ಮರು ಹನ್ನೆರಡು ಹಳೆಯ ಲ್ಯಾಪ್‌ಟಾಪ್ ಕೊಟ್ಟಿದ್ದರು. ಡೆಬಿಯನ್ ಹಾಕಿಕೊಡಿ ಎಂದು ನನ್ನನ್ನು ಕರೆದರು. ಒಂದು ಭಾನುವಾರ ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡು ಹೋದೆ. ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತೇನೆ ಎಂದು ಹೆಂಡತಿಗೆ ಹೇಳಿದ್ದೆ. ಮೊದಲ ಲ್ಯಾಪ್‌ಟಾಪಿನಲ್ಲೇ ನಿಂತುಹೋಯಿತು. ವೈಫೈ ಚಿಪ್ಪಿಗೆ ಒಂದು ಫೈಲ್ ಬೇಕು, ನನ್ನ ಹತ್ತಿರ ಇಲ್ಲ ಅಂತಿದೆ. ಆ ಫೈಲ್ ಎಲ್ಲಿದೆ? ಇಂಟರ್‌ನೆಟ್ಟಿನಲ್ಲಿ. ಇಂಟರ್‌ನೆಟ್ಟಿಗೆ ಏನು ಬೇಕು? ವೈಫೈ. ವಾರ್ಡನ್ ನಕ್ಕುಬಿಟ್ಟರು. "ಬೀಗದ ಕೈ ಒಳಗಿಟ್ಟು ಬಾಗಿಲು ಎಳ್ಕೊಂಡಂಗಾತಲ್ರೀ ಸಾರ್" ಅಂದರು.

ಆ ಫೈಲಿಗೆ ಫರ್ಮ್‌ವೇರ್ ಅನ್ನುತ್ತಾರೆ. ಚಿಪ್ಪಿನೊಳಗೇ ಓಡುವ ಚಿಕ್ಕ ಪ್ರೋಗ್ರಾಂ. ಕಂಪ್ಯೂಟರ್ ಏಳುವಾಗಲೆಲ್ಲ ಆಪರೇಟಿಂಗ್ ಸಿಸ್ಟಂ ಅದನ್ನು ಚಿಪ್ಪಿಗೆ ಉಣಿಸಬೇಕು. ಚಿಪ್ಪು ಮಾಡಿದವರು ಅದರ ಮೂಲ ಬರಹ ಕೊಡುವುದಿಲ್ಲ. ಅದಕ್ಕೇ ಅದು ಡೆಬಿಯನ್ನಿನ ಬೇರೆ ಕೋಣೆಯಲ್ಲಿತ್ತು.

ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಪಿಯುಸಿ ಓದುವ ಒಬ್ಬ ಹುಡುಗ ಮೆಲ್ಲಗೆ, "ಸಾರ್, ಫೋನಿಗೆ ಕೇಬಲ್ ಹಾಕಿ ನೆಟ್ ಕೊಡಬಹುದಲ್ವಾ" ಅಂದ. ಕೊಡಬಹುದು! ಕೇಬಲ್ ಮೂಲಕ ಬಂದರೆ ವೈಫೈ ಚಿಪ್ಪಿನ ಹಂಗೇ ಇಲ್ಲ. ನನಗೆ ಹೊಳೆಯದೇ ಹೋಯಿತಲ್ಲ ಎಂದು ನಾಚಿಕೆಯಾಯಿತು. ಆದರೆ ಹಾಸ್ಟೆಲ್‌ನಲ್ಲಿದ್ದ ಕೇಬಲ್‌ಗಳೆಲ್ಲ ಚಾರ್ಜ್ ಮಾಡುವುದಕ್ಕೆ ಮಾತ್ರ. ಡೇಟಾ ಹೋಗುವುದಿಲ್ಲ. ಮಳೆಯಲ್ಲೇ ಅವನನ್ನು ಗಾಡಿ ಹಿಂದೆ ಕೂರಿಸಿಕೊಂಡು ಪಿ.ಬಿ. ರಸ್ತೆಗೆ ಹೋದೆ. ಮೂರನೇ ಅಂಗಡಿಯಲ್ಲಿ ಕೇಬಲ್ ಸಿಕ್ಕಿತು. ಬರುವಾಗ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದೆವು. ಫೈಲ್ ಇಳಿಯಿತು, ವೈಫೈ ಎದ್ದಿತು. ಆಗ ನಾಲ್ಕು ಗಂಟೆ. ಮನೆಯಿಂದ ಬಂದ ಫೋನ್‌ಗಳ ಲೆಕ್ಕ ಬೇಡ.

ಮಿರ್ಚಿ ತಿನ್ನುತ್ತಾ ಹುಡುಗ ಕೇಳಿದ, "ಇದೂ ಪುಕ್ಕಟೆನೇ ಸಿಕ್ತಲ್ಲ ಸಾರ್, ಮತ್ಯಾಕೆ ಬೇರೆ ಇಟ್ಟಿದ್ರು?" ನಾನು ಕೈ ಒರೆಸಿಕೊಂಡು ಆ ಫೈಲಿನ ಲೈಸೆನ್ಸ್ ತೆಗೆದು ತೋರಿಸಿದೆ. ಇದ್ದಂತೆಯೇ ಹಂಚಬಹುದು. ಬದಲಾಯಿಸುವ ಹಾಗಿಲ್ಲ. ಒಳಗೆ ಏನಿದೆ ಎಂದು ಕೆದಕುವ ಹಾಗಿಲ್ಲ. ಹುಡುಗ ಎರಡು ಸಲ ಓದಿದ. "ಓ, ಪುಕ್ಕಟೆ ಕೊಟ್ಟು ಕೈ ಕಟ್ಟಿದಾರೆ" ಅಂದ. ಅಷ್ಟೇ ಕಣಪ್ಪ. ಇಪ್ಪತ್ತು ವರ್ಷದಲ್ಲಿ ನಾನು ಇಷ್ಟು ಚೆನ್ನಾಗಿ ಹೇಳಿಲ್ಲ.

ಕಾರ್ಯಕ್ರಮದವರು ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ.

ನಮ್ಮ ಹಾಸ್ಟೆಲ್‌ನ ಪಾಡು ಎಲ್ಲ ದೇಶದವರದ್ದೂ ಆಗಿತ್ತು. 2022ರಲ್ಲಿ ಡೆಬಿಯನ್ ಬಳಗದವರು ಮತ ಹಾಕಿದರು. ಫರ್ಮ್‌ವೇರನ್ನು ಡೆಬಿಯನ್ ಹಾಕಿಕೊಡುವ ಇನ್‌ಸ್ಟಾಲರ್ ಜೊತೆಗೇ ಕೊಡೋಣ, ಅದಕ್ಕಾಗಿ ಸಾಮಾಜಿಕ ಒಪ್ಪಂದಕ್ಕೂ ಒಂದು ಸಾಲು ಸೇರಿಸೋಣ ಎಂದು ತೀರ್ಮಾನವಾಯಿತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಹಾಗೆಯೇ ಬರುತ್ತಿದೆ. ಟ್ರಿಸ್ಕೆಲ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಮಾಡುವವರಂಥ ಬಳಗಗಳು ಈಗಲೂ ಇಂಥ ಫೈಲನ್ನು ಹತ್ತಿರ ಸೇರಿಸುವುದಿಲ್ಲ. ಅವರ ಹಟಕ್ಕೆ ಕೈ ಮುಗಿಯುತ್ತೇನೆ. ಆದರೆ ಆ ಭಾನುವಾರ ಅವರು ನನ್ನ ಪಕ್ಕ ಇರಬೇಕಿತ್ತು. ಡೆಬಿಯನ್ ಮಾಡಿದ್ದು ಸರಿ ಎಂದೇ ನನ್ನ ಮಾತು. ಯಾಕೆಂದರೆ ಒಳಗೆ ಬಿಟ್ಟುಕೊಂಡರೂ 'ನಾನ್‌ಫ್ರೀ ಫರ್ಮ್‌ವೇರ್' ಎಂಬ ಚೀಟಿ ಕಿತ್ತುಹಾಕಲಿಲ್ಲ. ಪುಕ್ಕಟೆ ಬೇರೆ, ಸ್ವತಂತ್ರ ಬೇರೆ ಎಂದು ಅಲ್ಲೇ ಬರೆದಿದೆ.

ಕನ್ನಡದ್ದೂ ಇದೇ ಕಥೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳು ಡೆಬಿಯನ್ನಿನಲ್ಲಿ ಸಿಗುತ್ತವೆ. ಅವುಗಳ ಲೈಸೆನ್ಸ್ ಸ್ವತಂತ್ರ. ಅಂಥ ಲೈಸೆನ್ಸ್ ಇಲ್ಲದ ಫಾಂಟ್ ಎಷ್ಟೇ ಮುದ್ದಾಗಿರಲಿ, ಪುಕ್ಕಟೆ ಸಿಗಲಿ, ಅದಕ್ಕೆ ಆ ಬಾಗಿಲು ತೆರೆಯುವುದಿಲ್ಲ.

ಕಾಲೇಜು ಹುಡುಗರು ಕೇಳುತ್ತಿದ್ದರೆ ಒಂದು ಕೆಲಸ. ಡೆಬಿಯನ್ ಹಾಕಿದ ಕಂಪ್ಯೂಟರಿನಲ್ಲಿ ಸ್ವತಂತ್ರವಲ್ಲದ್ದು ಏನೇನಿದೆ ಎಂದು ಪಟ್ಟಿ ಕೊಡುವ ಒಂದು ಚಿಕ್ಕ ಪ್ರೋಗ್ರಾಂ ಇದೆ. ನಾನು ಹಾಸ್ಟೆಲ್‌ಗೆ ಹೋಗಿದ್ದಾಗ ಅದರ ಹೆಸರು ವಿಆರ್‌ಎಂಎಸ್. ಸ್ಟಾಲ್ಮನ್ ಅವರ ಹೆಸರಿನ ಮೊದಲಕ್ಷರ ಇಟ್ಟು ಮಾಡಿದ ತಮಾಷೆ. ಅವತ್ತು ಸಂಜೆ ಆ ಹುಡುಗನೇ ಅದನ್ನು ಹಾಕಿ ನೋಡಿದ. ಸಾವಿರಕ್ಕೂ ಜಾಸ್ತಿ ಸಾಫ್ಟ್‌ವೇರ್ ಪ್ಯಾಕೇಜುಗಳ ನಡುವೆ ಪಟ್ಟಿಯಲ್ಲಿ ಬಂದದ್ದು ಒಂದೇ ಹೆಸರು, ನಾವು ಮಳೆಯಲ್ಲಿ ನೆನೆದು ತಂದ ಕೇಬಲ್‌ನಿಂದ ಇಳಿಸಿದ್ದು. ಅವನು ಅದನ್ನು ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದ. ನಮಸ್ಕಾರ.